ವಿಜ್ಞಾನ ಪ್ರದರ್ಶನದಲ್ಲಿ ಕಾಗದದ ವಿಮಾನಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಜಿಲ್ಲೆಯ ಶಾಲೆಗಳಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಗಳ ಸಚಿತ್ರ ವರದಿಗಳನ್ನು ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪ್ರತಿ ವರ್ಷವೂ ತಪ್ಪದೆ ಓದುತ್ತೇನೆ. ಈ ಸಾಲಿನ ಚಿತ್ರಗಳಲ್ಲೂ ಕಂಡದ್ದು ಹಿಂದಿನ ವರ್ಷಗಳ ಸಾಮಗ್ರಿಯೇ: ಥರ್ಮಾಕೋಲ್ ಹಲಗೆಯ ಮೇಲೆ ಹಸಿರು ಬಳಿದ ಗುಡ್ಡ, ಅದರ ಬುಡದಲ್ಲಿ ಮಿನುಗುವ ಎಲ್‌ಇಡಿ ದೀಪ, ಬದಿಯಲ್ಲಿ ಗಿರಗಿರನೆ ತಿರುಗುವ ಗಾಳಿಯಂತ್ರ. ಇವುಗಳಲ್ಲಿ ಮಕ್ಕಳು ತಾವೇ ಕೂತು ಮಾಡಿದವು ಇಲ್ಲವೆಂದಲ್ಲ. ಆದರೆ ಎಷ್ಟೋ ಮಾದರಿಗಳು ಸ್ಟೇಷನರಿ ಅಂಗಡಿಗಳಲ್ಲಿ ಸಿದ್ಧ ರೂಪದಲ್ಲೇ ದೊರೆಯುತ್ತವೆ ಎಂಬುದು ಪೋಷಕರಿಗೂ ಗೊತ್ತು, ಶಿಕ್ಷಕರಿಗೂ ಗೊತ್ತು. ದುಡ್ಡು ಕೊಟ್ಟು ತಂದ ಮಾದರಿಗೂ, ಅಳೆದು, ಗೆರೆ ಎಳೆದು, ಕತ್ತರಿಸಿ, ಅಂಟಿಸಿ ಕಟ್ಟಿದ ಮಾದರಿಗೂ ಒಂದೇ ಅಳತೆಗೋಲು ಇರುವುದು ಸರಿಯಲ್ಲ ಎಂದು ಹೇಳುವುದಕ್ಕೂ, ಕಾಗದದಿಂದ ಕಟ್ಟುವ ನಿಖರ ಮಾದರಿಗಳಿಗೆ ನಮ್ಮ ಪ್ರದರ್ಶನಗಳಲ್ಲಿ ಪ್ರತ್ಯೇಕ ವಿಭಾಗವೊಂದನ್ನು ತೆರೆಯಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುವವನು ನಾನು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಪುಸ್ತಕ, ಕರಪತ್ರ ಇವೇ ನಮ್ಮ ನಿತ್ಯದ ಕೆಲಸ. ಕಟಿಂಗ್ ಯಂತ್ರದಡಿ ಬೀಳುವ ಒಳ್ಳೆಯ ಐವರಿ ಕಾರ್ಡಿನ ತುಂಡುಗಳನ್ನು ರದ್ದಿಗೆ ಹಾಕಲು ಮನಸ್ಸು ಒಪ್ಪದೆ ಕಾಗದದ ಮಾದರಿ ಕಟ್ಟುವ ಅಭ್ಯಾಸ ಹಚ್ಚಿಕೊಂಡೆ. ಅದು ಬೆಳೆಯುತ್ತ ಬಂದು ಕಡೆಗೆ ಕೈ ಹಾಕಿದ್ದು ನಮ್ಮ ವಾಯುಪಡೆಯ ಎಎನ್-32 ಸಾರಿಗೆ ವಿಮಾನಕ್ಕೆ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಅಕ್ಕನ ಮಗಳು ಅಳತೆಯ ಲೆಕ್ಕದಿಂದ ಹಿಡಿದು ಬಣ್ಣ ಹಾಕುವ ತನಕ ಜೊತೆಗಿದ್ದಳು. ಅರ್ಧಕ್ಕಿಂತ ಹೆಚ್ಚು ಕೆಲಸ ಅವಳದೇ.

ವಿಮಾನಗಳು ಹಲವಿರುವಾಗ ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಕೀವ್ ನಗರದ ಆಂಟೊನೊವ್ ಸಂಸ್ಥೆ ರೂಪಿಸಿದ ಎಎನ್-32 ಮೊದಲು ಹಾರಿದ್ದು 1976ರಲ್ಲಿ. ಗಾಳಿ ಬಿಸಿಯಾದರೂ ತೆಳುವಾಗುತ್ತದೆ, ಎತ್ತರಕ್ಕೆ ಹೋದರೂ ತೆಳುವಾಗುತ್ತದೆ. ಎರಡೂ ಕಡೆ ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತವೆ. ಬಿಸಿಲ ನಾಡೂ ಹಿಮಾಲಯವೂ ಒಟ್ಟಿಗೇ ಇರುವ ನಮ್ಮ ದೇಶಕ್ಕೆ ಈ ಎರಡನ್ನೂ ತಾಳಿಕೊಳ್ಳುವ ವಿಮಾನ ಬೇಕಾಗಿತ್ತು. ಅದಕ್ಕೆಂದೇ ಹಿಂದಿನ ಎಎನ್-26ರ ಒಡಲಿಗೆ ಬಹಳ ಹೆಚ್ಚಿನ ಬಲದ ಎಂಜಿನ್ನುಗಳನ್ನು ಕೂರಿಸಲಾಯಿತು. 1984ರಿಂದ ಇವು ಭಾರತೀಯ ವಾಯುಪಡೆಯ ಸೇವೆಯಲ್ಲಿವೆ. ನೂರಕ್ಕೂ ಹೆಚ್ಚು ವಿಮಾನಗಳನ್ನು ನಮ್ಮ ದೇಶ ಕೊಂಡಿತು. ಸುಮಾರು 6.7 ಟನ್ ಸರಕನ್ನು ಅಥವಾ 42 ಮಂದಿ ಪ್ಯಾರಾಟ್ರೂಪರ್‌ಗಳನ್ನು ಒಂದು ವಿಮಾನ ಹೊರುತ್ತದೆ. 2008ರ ಮೇ 31ರಂದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, ಸಮುದ್ರಮಟ್ಟದಿಂದ 16 ಸಾವಿರ ಅಡಿಗೂ ಮೇಲೆ, ದಶಕಗಳಿಂದ ಬಳಕೆಯಲ್ಲಿಲ್ಲದ ಮಣ್ಣಿನ ಪಟ್ಟಿಯ ಮೇಲೆ ಇಳಿದದ್ದು ಇದೇ ವಿಮಾನ. ಇದರ ಚರಿತ್ರೆಯಲ್ಲಿ ದುಃಖವೂ ಇದೆ. 2016ರ ಜುಲೈನಲ್ಲಿ ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಿಮಾನವೊಂದು 29 ಮಂದಿಯೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರ ಅವಶೇಷ ಸಮುದ್ರತಳದಲ್ಲಿ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. 2019ರ ಜೂನ್‌ನಲ್ಲಿ ಅರುಣಾಚಲದ ಬೆಟ್ಟಗಳಲ್ಲಿ ಇನ್ನೊಂದು ಬಿದ್ದು 13 ಮಂದಿ ತೀರಿಕೊಂಡರು. ಮಾದರಿ ಕಟ್ಟುವ ಹುಡುಗಿ ಇವನ್ನೆಲ್ಲ ತಾನಾಗಿಯೇ ಹುಡುಕಿ ಓದಿದಳು. ಪಾಠವಾಗಿ ಹೇಳಿದ್ದರೆ ಅಷ್ಟು ಆಸ್ಥೆಯಿಂದ ಕೇಳುತ್ತಿದ್ದಳೆಂದು ನಾನು ನಂಬುವುದಿಲ್ಲ.

ಈಗ ಕಟ್ಟುವ ಕೆಲಸದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಅಡಗಿರುವ ಗಣಿತ ಎಷ್ಟೆಂಬುದನ್ನು ತೀರ್ಪುಗಾರರು ತಿಳಿಯಬೇಕು ಎಂಬುದೇ ನನ್ನ ಆಸೆ. ನಾವು ಆರಿಸಿಕೊಂಡ ಪ್ರಮಾಣ ಒಂದಕ್ಕೆ ಐವತ್ತು. ನಿಜ ವಿಮಾನದ ರೆಕ್ಕೆಯ ತುದಿಯಿಂದ ತುದಿಗೆ 29.2 ಮೀಟರ್, ಮಾದರಿಯಲ್ಲಿ ಅದು 58.4 ಸೆಂ.ಮೀ. ಆಗುತ್ತದೆ. ಉದ್ದ ಸುಮಾರು 47 ಸೆಂ.ಮೀ., ನೆಲದಿಂದ ಬಾಲದ ತುದಿಗೆ 17.5 ಸೆಂ.ಮೀ. ಈ ಪ್ರಮಾಣದಲ್ಲಿ ಕೈಯಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೆ ನಿಜ ವಿಮಾನದಲ್ಲಿ ಐದು ಸೆಂಟಿಮೀಟರ್ ಆಚೀಚೆಯಾದಂತೆ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಕಂಡ ಮೂರು ನೋಟಗಳ ನಕ್ಷೆಯನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡು, ಒಡಲನ್ನು ಮೂಗಿನಿಂದ ಬಾಲದವರೆಗೆ ತುಂಡು ತುಂಡಾಗಿ ವಿಂಗಡಿಸಿ, ಪ್ರತಿ ತುಂಡನ್ನೂ ಚಪ್ಪಟೆ ಹಾಳೆಯ ಮೇಲೆ ಬಿಡಿಸುವುದು ಕೆಲಸದ ಮೊದಲ ಘಟ್ಟ.

ಒಡಲಿನ ನಡುಭಾಗ ಹೆಚ್ಚುಕಡಿಮೆ ಸಿಲಿಂಡರ್; ಅದನ್ನು ಬಿಡಿಸಿದರೆ ಆಯತ ಬರುತ್ತದೆಂದು ಯಾವ ವಿದ್ಯಾರ್ಥಿಯೂ ಹೇಳಬಲ್ಲ. ಮುಂದಕ್ಕೆ ಹೋದಂತೆ ಒಡಲು ಕಿರಿದಾಗುತ್ತದೆ, ಅಲ್ಲಿಯ ತುಂಡು ಶಂಕುವಿನ ಭಿನ್ನಕ, ಅಂದರೆ ಮೊನೆ ಕತ್ತರಿಸಿದ ಶಂಕು. ಒಂದು ತುದಿಯಲ್ಲಿ 6 ಸೆಂ.ಮೀ., ಇನ್ನೊಂದು ತುದಿಯಲ್ಲಿ 4 ಸೆಂ.ಮೀ. ವ್ಯಾಸವಿರುವ, 8 ಸೆಂ.ಮೀ. ಉದ್ದದ ತುಂಡೊಂದು ಬೇಕು ಎಂದಿಟ್ಟುಕೊಳ್ಳಿ. ತ್ರಿಜ್ಯಗಳ ವ್ಯತ್ಯಾಸ 1 ಸೆಂ.ಮೀ. ಆದ್ದರಿಂದ ಪೈಥಾಗೊರಸ್ ಪ್ರಮೇಯದ ಪ್ರಕಾರ ಓರೆ ಎತ್ತರ 65ರ ವರ್ಗಮೂಲ, ಅಂದರೆ ಸುಮಾರು 8.06 ಸೆಂ.ಮೀ. ಆ ಓರೆ ಗೆರೆಯನ್ನು ಶಂಕುವಿನ ಶೃಂಗದವರೆಗೆ ಬೆಳೆಸಿದರೆ ಹೊರಗಿನ ಕಂಸದ ತ್ರಿಜ್ಯ 24.2 ಸೆಂ.ಮೀ., ಒಳಗಿನದು 16.1 ಸೆಂ.ಮೀ.; ಎರಡೂ ಕಂಸಗಳು ಶೃಂಗದಲ್ಲಿ ಮಾಡುವ ಕೋನ 45 ಡಿಗ್ರಿಗೆ ತುಸು ಕಡಿಮೆ. ಜಾಮಿಟ್ರಿ ಬಾಕ್ಸಿನ ಕೈವಾರ 24 ಸೆಂ.ಮೀ. ಅಗಲಕ್ಕೆ ತೆರೆಯುವುದಿಲ್ಲ. ಆದ್ದರಿಂದ ರಟ್ಟಿನ ಪಟ್ಟಿಯೊಂದರ ಒಂದು ತುದಿಗೆ ಗುಂಡುಪಿನ್ನು ಚುಚ್ಚಿ, ಬೇಕಾದ ದೂರದಲ್ಲಿ ಪೆನ್ಸಿಲ್ ಮೊನೆ ಹಿಡಿಯುವಷ್ಟು ತೂತು ಮಾಡಿ, ಅದನ್ನೇ ಕೈವಾರವಾಗಿ ತಿರುಗಿಸಬೇಕಾಗುತ್ತದೆ. ಬರೆದು, ಕತ್ತರಿಸಿ, ಸುರುಳಿ ಮಾಡಿ ಎರಡು ಅಂಚುಗಳನ್ನು ಕೂಡಿಸಿದಾಗ ಬಾಯಿಯ ವ್ಯಾಸ ಸರಿಯಾಗಿ 6 ಸೆಂ.ಮೀ. ಬಂದರೆ ಆ ಮಗುವಿಗೆ ಸೂತ್ರ ಕೈಗೆ ಹತ್ತಿತು ಎಂದರ್ಥ. ಪರೀಕ್ಷೆಯಲ್ಲಿ ಇದೇ ಭಿನ್ನಕದ ಲೆಕ್ಕಕ್ಕೆ ಪೂರ್ಣ ಅಂಕ ಪಡೆದು, ಹಾಳೆಯ ಮೇಲೆ ಬರೆದು ತೋರಿಸು ಎಂದರೆ ತಬ್ಬಿಬ್ಬಾಗುವವರನ್ನು ನಾನು ಕಂಡಿದ್ದೇನೆ.

ಬಾಲದ ಕಡೆ ಕೆಲಸ ಇನ್ನೂ ಕಠಿಣ. ಸಾರಿಗೆ ವಿಮಾನದ ಹಿಂಬದಿಯಲ್ಲಿ ಸರಕು ಏರಿಸುವ ಇಳಿಜಾರು ಬಾಗಿಲು ಇರಬೇಕಾದ್ದರಿಂದ ಹೊಟ್ಟೆಯ ಭಾಗ ಹಿಂದಕ್ಕೆ ಹೋದಂತೆ ಮೇಲಕ್ಕೆ ಸರಿಯುತ್ತದೆ, ಬೆನ್ನಿನ ಗೆರೆ ಮಾತ್ರ ಹೆಚ್ಚುಕಡಿಮೆ ನೇರವಾಗಿಯೇ ಉಳಿಯುತ್ತದೆ. ಹೀಗೆ ಒಂದೇ ಕಡೆಗೆ ವಾಲಿದ ಆಕಾರಕ್ಕೆ ಶಂಕುವಿನ ಸುಲಭ ಸೂತ್ರ ಒಗ್ಗುವುದಿಲ್ಲ. ಎರಡು ಬಾಯಿಗಳ ಸುತ್ತಳತೆಯನ್ನೂ ಸಮ ಭಾಗಗಳಾಗಿ ಗುರುತಿಸಿ, ಅವುಗಳ ನಡುವಿನ ಜಾಗವನ್ನು ತ್ರಿಕೋನಗಳಾಗಿ ಒಡೆದು, ಪ್ರತಿ ತ್ರಿಕೋನದ ಮೂರೂ ಬದಿಗಳ ನಿಜವಾದ ಉದ್ದವನ್ನು ಕಂಡುಹಿಡಿದು ಒಂದರ ಪಕ್ಕ ಒಂದನ್ನು ಕೂಡಿಸುತ್ತ ಹೋಗಬೇಕು. ಐಟಿಐಗಳಲ್ಲಿ ಶೀಟ್ ಮೆಟಲ್ ಕಲಿಯುವವರು, ಡಿಪ್ಲೊಮಾದಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಯುವವರು ಮಾಡುವ ಅಭ್ಯಾಸ ಇದುವೇ. ಎಎನ್-32ರ ಬಾಗಿಲಿಗೆ ಇನ್ನೊಂದು ವಿಶೇಷವಿದೆ: ಅದು ಕೆಳಕ್ಕೆ ತೆರೆದು ಇಳಿಜಾರಾಗುವುದಷ್ಟೇ ಅಲ್ಲ, ಸರಕನ್ನು ನೇರವಾಗಿ ಲಾರಿಯಿಂದ ಒಳಕ್ಕೆ ತಳ್ಳಲು ಅಥವಾ ಆಕಾಶದಿಂದ ಇಳಿಬಿಡಲು ಅನುವಾಗುವಂತೆ ಇಡಿಯಾಗಿ ಹೊಟ್ಟೆಯಡಿಗೆ ಸರಿಯಲೂ ಬಲ್ಲದು. ನಮ್ಮ ಮಾದರಿಯಲ್ಲಿ ಕಾರ್ಡಿನ ತೆಳು ಹಳಿಗಳ ಮೇಲೆ ಅದು ಸರಿಯುವಂತೆ ಮಾಡುವುದಕ್ಕೇ ವಾರಗಟ್ಟಲೆ ಹಿಡಿಯಿತು.

ಮುದ್ರಕನಾಗಿ ನಾನು ಒತ್ತಿ ಹೇಳಬೇಕಾದದ್ದು ಕಾಗದದ ಗುಣವನ್ನು. ಕಾರ್ಖಾನೆಯಲ್ಲಿ ಓಡುವ ಜಾಲರಿಯ ಮೇಲೆ ಕಾಗದ ರೂಪುಗೊಳ್ಳುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಇದನ್ನು ನಾವು ಗ್ರೇನ್ ಎನ್ನುತ್ತೇವೆ. ಗ್ರೇನ್ ಯಾವ ಕಡೆಗಿದೆಯೋ ಆ ಕಡೆಯನ್ನು ಕೊಳವೆಯ ಉದ್ದಕ್ಕೆ ಇಟ್ಟುಕೊಂಡರೆ ಕಾರ್ಡು ನಯವಾಗಿ ಸುತ್ತಿಕೊಳ್ಳುತ್ತದೆ. ಅಡ್ಡಲಾಗಿ ಇಟ್ಟರೆ ಮುರಿ ಬಿದ್ದು ಮೈಯೆಲ್ಲ ಗೀರು ಕಾಣುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಕಾಗದ ಹಿಗ್ಗುವುದೂ ಗ್ರೇನಿಗೆ ಅಡ್ಡ ದಿಕ್ಕಿನಲ್ಲೇ ಹೆಚ್ಚು. ಇನ್ನು ದಪ್ಪದ ಮಾತು. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಕಾರ್ಡಿನ ದಪ್ಪ ಕಾಲು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಗಣನೆಗೆ ಬಾರದಷ್ಟು ಕಡಿಮೆ ಎನಿಸುತ್ತದೆ. ಆದರೆ ಒಡಲಿನ ಆಕಾರ ನಿಲ್ಲಿಸಲು ಒಳಗೆ ಕೂರಿಸುವ ರಟ್ಟಿನ ಬಿಲ್ಲೆಯನ್ನು ಹೊರ ವ್ಯಾಸಕ್ಕೇ ಕತ್ತರಿಸಿದರೆ, ಎರಡೂ ಬದಿಯ ದಪ್ಪ ಸೇರಿ ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚಾಗಿ, ಸುತ್ತಳತೆಯಲ್ಲಿ ಅದು ಪೈ ಪಟ್ಟು ಬೆಳೆದು, ಅಂಟಿಸುವ ಅಂಚುಗಳ ನಡುವೆ ಒಂದೂವರೆ ಮಿಲಿಮೀಟರಿನ ಬಿರುಕು ಬಾಯಿ ತೆರೆಯುತ್ತದೆ. ಪೈ ಎಂಬ ಸಂಖ್ಯೆ ಏನು ಮಾಡುತ್ತದೆ ಎಂಬುದನ್ನು ಆ ಬಿರುಕಿಗಿಂತ ಸ್ಪಷ್ಟವಾಗಿ ತೋರಿಸುವ ಪಾಠೋಪಕರಣ ನನಗೆ ತಿಳಿದಂತೆ ಇಲ್ಲ.

ಮೂಗಿನ ತುದಿಯದು ಬೇರೆಯೇ ಕಥೆ. ಕಾಗದ ಏಕಕಾಲಕ್ಕೆ ಒಂದೇ ದಿಕ್ಕಿಗೆ ಬಾಗಬಲ್ಲದು. ಎರಡು ದಿಕ್ಕಿಗೂ ಉಬ್ಬಿದ ಗುಂಡನೆಯ ಮೈಯನ್ನು ಸುಕ್ಕಿಲ್ಲದೆ, ಹರಿಯದೆ ಚಪ್ಪಟೆ ಹಾಳೆಯಿಂದ ಮಾಡಲಾಗದು. ಇದು ಕೈಚಳಕದ ಕೊರತೆಯಲ್ಲ, 1827ರಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಸಾಧಿಸಿ ತೋರಿಸಿದ ಪ್ರಮೇಯದಿಂದ ಬರುವ ನಿಯಮ. ಭೂಮಿಯ ನಕಾಶೆಗಳಲ್ಲಿ ಧ್ರುವದ ಬಳಿಯ ನಾಡುಗಳು ಹಿಗ್ಗಿ ಕಾಣುವುದಕ್ಕೂ ಇದೇ ಕಾರಣ. ಹಾಗಾಗಿ ಮೂಗನ್ನು ಮೋಸಂಬಿಯ ಸಿಪ್ಪೆ ಸುಲಿದಂತೆ ಎಸಳುಗಳಾಗಿ ಬರೆದು, ಒಂದೊಂದು ಎಸಳನ್ನೂ ಅಂಗೈ ಮೇಲಿಟ್ಟು ಚಮಚದ ಬೆನ್ನಿನಿಂದ ತೀಡಿ ತುಸು ಉಬ್ಬಿಸಿ, ಒಳಗಿನಿಂದ ಸಣ್ಣ ಪಟ್ಟಿ ಕೊಟ್ಟು ಕೂಡಿಸಬೇಕು. ಫೆವಿಕಾಲನ್ನು ಹಲ್ಲುಕಡ್ಡಿಯ ತುದಿಯಿಂದ ಸವರಬೇಕೇ ಹೊರತು ಟ್ಯೂಬಿನಿಂದ ಸುರಿಯಬಾರದು. ಅಂಟಿನ ನೀರು ಹೆಚ್ಚಾದರೆ ಎಸಳು ಸೊಟ್ಟಗಾಗುತ್ತದೆ. ಕತ್ತರಿಸಿದ ಅಂಚಿನ ಬಿಳುಪು ಕಾಣದಂತೆ ಅಂಟಿಸುವ ಮೊದಲೇ ಅಂಚಿಗೆ ಬೂದು ಬಣ್ಣ ಹಚ್ಚುವುದು ನನ್ನ ಅಕ್ಕನ ಮಗಳು ಕಂಡುಕೊಂಡ ಕ್ರಮ. ಅದರಿಂದ ಮೂಗಿನ ಜೋಡಣೆ ನಾನೇ ಹುಡುಕಿ ನೋಡಬೇಕಾದಷ್ಟು ಮರೆಯಾಯಿತು.

ಈ ವಿಮಾನವನ್ನು ದೂರದಿಂದಲೇ ಗುರುತಿಸುವಂತೆ ಮಾಡುವುದು ಅದರ ಎಂಜಿನ್ನುಗಳು. ಪ್ರೊಪೆಲರ್‌ನ ವ್ಯಾಸ 4.7 ಮೀಟರ್. ಅಷ್ಟು ದೊಡ್ಡದು ನೆಲಕ್ಕೂ ತಾಗಬಾರದು, ಒಡಲಿಗೂ ತಾಗಬಾರದು ಎಂಬ ಕಾರಣಕ್ಕೆ ಎಂಜಿನ್ನನ್ನು ರೆಕ್ಕೆಯ ಮೇಲಕ್ಕೆ ಎತ್ತಿ ಕೂರಿಸಿದ್ದಾರೆ. ಚಕ್ರಗಳು ಮಡಚಿಕೊಳ್ಳುವ ಗೂಡು ಮಾತ್ರ ಅದೇ ಕವಚದ ಕೆಳಭಾಗದಲ್ಲಿ ಉಳಿದಿದೆ. ಆದ್ದರಿಂದ ಕವಚ ಅಸಾಧಾರಣ ಎತ್ತರವಾಗಿ ಕಾಣುತ್ತದೆ. ರೆಕ್ಕೆಯನ್ನು ಒಡಲಿನ ನೆತ್ತಿಗೆ ಇಟ್ಟದ್ದೇಕೆ ಎಂದರೆ ಸರಕಿನ ಕೋಣೆಯ ನೆಲ ಭೂಮಿಗೆ ಹತ್ತಿರವಿರಲಿ, ಕಚ್ಚಾ ಓಡುಪಟ್ಟಿಯ ಕಲ್ಲುಗಳು ಪ್ರೊಪೆಲರ್‌ಗೆ ಸಿಡಿಯದಿರಲಿ ಎಂದು. ಪ್ರೊಪೆಲರ್‌ನ ಅಲಗು ಬುಡದಿಂದ ತುದಿಗೆ ತಿರುಚಿಕೊಂಡಿರುವುದೇಕೆ ಎಂದರೆ ತುದಿಯ ವೇಗ ಬುಡದ ವೇಗಕ್ಕಿಂತ ಬಹಳ ಹೆಚ್ಚಿರುವುದರಿಂದ. ಒಂದೊಂದು ಭಾಗವನ್ನು ಅಂಟಿಸುವಾಗಲೂ ಇದು ಹೀಗೇಕಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಉತ್ತರ ಹುಡುಕದೆ ಮುಂದಿನ ಭಾಗ ಕೂರುವುದೂ ಇಲ್ಲ. ರೆಕ್ಕೆಯ ವಿಷಯದಲ್ಲಿ ನಮಗೆ ಬಂದ ಪ್ರಶ್ನೆ ಭಾರದ್ದು: 58 ಸೆಂ.ಮೀ. ಉದ್ದದ ಕಾಗದದ ರೆಕ್ಕೆ ತನ್ನ ತೂಕಕ್ಕೂ ಎಂಜಿನ್ನುಗಳ ತೂಕಕ್ಕೂ ಜೋತು ಬೀಳುತ್ತದೆ. ಒಳಗೆ ತುದಿಯಿಂದ ತುದಿಗೆ ಕಾರ್ಡನ್ನು ಚೌಕ ಕೊಳವೆಯಾಗಿ ಮಡಚಿ ತೊಲೆಯಂತೆ ಕೊಟ್ಟಾಗ ಅದು ನೆಟ್ಟಗೆ ನಿಂತಿತು. ನಿಜ ವಿಮಾನದ ರೆಕ್ಕೆಯೊಳಗಿನ ತೊಲೆಗಳೂ ಹೊರುವುದು ಇದೇ ಬಗೆಯ ಬಾಗುವಿಕೆಯ ಭಾರವನ್ನು.

ಇಷ್ಟೆಲ್ಲ ಮಾಡಿದ ಮೇಲೆ ಬಾಲಕಿ ಅದನ್ನು ಪ್ರದರ್ಶನವೊಂದಕ್ಕೆ ಒಯ್ದಳು. ಎಲ್ಲಿ ಎಂಬುದು ಮುಖ್ಯವಲ್ಲ. ಇಂಥದ್ದು ಒಂದೇ ಕಡೆ ನಡೆಯುವುದೂ ಅಲ್ಲ. ತೀರ್ಪುಗಾರರು ಕೇಳಿದ ಪ್ರಶ್ನೆಗಳು ಎರಡು: "ಇದು ಹಾರುತ್ತದೆಯೇನಮ್ಮ?" ಮತ್ತು "ಮೋಟಾರು ಎಲ್ಲಿ ಇಟ್ಟಿದ್ದೀ?" ಹಾರುವುದಿಲ್ಲ, ಮೋಟಾರೂ ಇಲ್ಲ ಎಂದಳು. ಹಾಗಾದರೆ ಇದು ಕ್ರಾಫ್ಟ್, ವಿಜ್ಞಾನವಲ್ಲ ಎಂದು ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಹೋದರು. ಅವಳು ಜೊತೆಗೆ ಒಯ್ದಿದ್ದ ಲೆಕ್ಕದ ಹಾಳೆಗಳನ್ನು ಯಾರೂ ಬಿಡಿಸಿ ನೋಡಲಿಲ್ಲ. ಬಹುಮಾನ ಸಿಗಲಿಲ್ಲ ಎಂಬುದಕ್ಕೆ ನನ್ನ ದೂರಲ್ಲ, ಅವಳದೂ ಅಲ್ಲ. ನೋಡುವ ಕ್ರಮವೇ ಹೀಗಿದ್ದರೆ ಮುಂದಿನ ವರ್ಷ ಯಾವ ಮಗುವೂ ಕೈವಾರ ಹಿಡಿಯುವುದಿಲ್ಲ, ಅಂಗಡಿಗೇ ಹೋಗುತ್ತದೆ. ನನ್ನ ಆಕ್ಷೇಪಣೆ ಇರುವುದು ಅಲ್ಲಿ.

ಮಿಲಿಟರಿ ವಿಮಾನವನ್ನೇ ಏಕೆ ಮಕ್ಕಳ ಕೈಗೆ ಕೊಡಬೇಕು ಎಂದು ಕೆಲವು ಹಿರಿಯರು ಕೇಳಿದ್ದುಂಟು. ಅವರ ಕಳವಳವನ್ನು ಗೌರವಿಸುತ್ತೇನೆ. ಆದರೆ ಸಾರಿಗೆ ವಿಮಾನ ಹೊರುವುದು ಬಹುಪಾಲು ಅಕ್ಕಿ, ಸೀಮೆಎಣ್ಣೆ, ಔಷಧಿ ಮತ್ತು ಮನುಷ್ಯರನ್ನು. ಚಳಿಗಾಲದಲ್ಲಿ ಜೊಜಿಲಾ ಕಣಿವೆದಾರಿ ಹಿಮದಿಂದ ಮುಚ್ಚಿದಾಗ ಕಾರ್ಗಿಲ್‌ನಲ್ಲಿ ಸಿಕ್ಕಿಬಿದ್ದ ರೋಗಿಗಳನ್ನೂ ವಿದ್ಯಾರ್ಥಿಗಳನ್ನೂ ಶ್ರೀನಗರಕ್ಕೆ, ಜಮ್ಮುವಿಗೆ ಕರೆದೊಯ್ದದ್ದು ಇದೇ ಎಎನ್-32. ವಿಮಾನ ಬೇಡವೆನ್ನುವವರು ಕೆಎಸ್‌ಆರ್‌ಟಿಸಿ ಬಸ್ಸನ್ನೋ, ಚಿತ್ರದುರ್ಗದ ಕೋಟೆಯ ಬಾಗಿಲನ್ನೋ, ನಮ್ಮೂರ ಗಾಜಿನ ಮನೆಯನ್ನೋ ಕಟ್ಟಿಸಲಿ; ನನ್ನ ಅಭ್ಯಂತರವಿಲ್ಲ. ಅಳತೆ ನಿಜವಾಗಿರಬೇಕು, ಹಾಳೆಯ ಮೇಲೆ ಬಿಡಿಸಿದ್ದು ಮಗುವೇ ಆಗಿರಬೇಕು, ಅಷ್ಟೇ.

ಆದರೂ ವಿಮಾನಕ್ಕೆ ನಮ್ಮ ಭಾಗದಲ್ಲಿ ಹೆಚ್ಚಿನ ಅರ್ಥವಿದೆ ಎಂದು ನನಗೆ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭವಾದದ್ದು 1940ರಲ್ಲಿ, ಮೈಸೂರು ಸರ್ಕಾರದ ನೆರವಿನಿಂದ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಕೇಂದ್ರ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಮಾನವರಹಿತ ವಿಮಾನಗಳ ಪರೀಕ್ಷಾ ಹಾರಾಟ ಅಲ್ಲಿಯ ಬಯಲಿನ ಮೇಲೆ ನಡೆಯುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ವಾಯುಪಡೆಯ ಹಳೆಯ ಆವ್ರೊ ವಿಮಾನಗಳ ಬದಲಿಗೆ ಕೊಳ್ಳಲು ಒಪ್ಪಂದವಾದ 56 ಸಿ-295 ಸಾರಿಗೆ ವಿಮಾನಗಳಲ್ಲಿ 40 ಗುಜರಾತಿನ ವಡೋದರದಲ್ಲೇ ತಯಾರಾಗಬೇಕಿದೆ. ಈ ಕೆಲಸಗಳಿಗೆ ಬೇಕಾದ ಕೈ ಮತ್ತು ಕಣ್ಣು ಒಂದೇ ದಿನಕ್ಕೆ ಸಿದ್ಧವಾಗುವುದಿಲ್ಲ. ತಗಡನ್ನು ಕತ್ತರಿಸುವ ಮೊದಲು ಕಾಗದವನ್ನು ಕತ್ತರಿಸಿ ನೋಡುವ ಪದ್ಧತಿ ಡಬ್ಬಿ, ಕೊಳವೆ ಮಾಡುವ ನಮ್ಮೂರ ತಗಡಿನ ಕೆಲಸದವರಲ್ಲೂ ಇದೆ. ಪೋಲೆಂಡ್ ದೇಶದಲ್ಲಿ ಕತ್ತರಿಸಿ ಕಟ್ಟುವ ಕಾಗದದ ಮಾದರಿಗಳಿಗೆಂದೇ 1957ರಿಂದ ಪತ್ರಿಕೆಯೊಂದು ಹೊರಬರುತ್ತಿತ್ತು. ಪ್ಲಾಸ್ಟಿಕ್ ಕಿಟ್ ದುಬಾರಿಯಾಗಿದ್ದ ಕಾಲದಲ್ಲಿ ಅಲ್ಲಿಯ ಮಕ್ಕಳ ಕೈಗೆ ವಿಮಾನ, ಹಡಗುಗಳು ದಕ್ಕಿದ್ದು ಹಾಗೆ.

ಖರ್ಚಿನ ಮಾತಂತೂ ಇಲ್ಲವೇ ಇಲ್ಲ. ಕಾರ್ಡು, ಫೆವಿಕಾಲ್, ಸ್ಟೀಲ್ ಸ್ಕೇಲು, ಕಟರ್ ಬ್ಲೇಡು, ಮಡಿಕೆಯ ಗೀರು ಎಳೆಯಲು ಮಸಿ ಮುಗಿದ ಬಾಲ್‌ಪೆನ್ನು, ಇಷ್ಟಿದ್ದರೆ ಸಾಕು. ಬ್ಲೇಡು ಹಿಡಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಇಲಾಖೆಯವರಲ್ಲಿ ನನ್ನ ಬಿನ್ನಹ ಇದು. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಪ್ರದರ್ಶನಗಳಲ್ಲಿ ಪ್ರಮಾಣಬದ್ಧ ಕಾಗದದ ಮಾದರಿಗಳಿಗೆ ಒಂದು ವಿಭಾಗವಿರಲಿ. ಮಾದರಿಯ ಜೊತೆಗೆ ಮೂರು ನೋಟಗಳ ನಕ್ಷೆ, ಬಿಡಿಸಿದ ಹಾಳೆಗಳು, ಲೆಕ್ಕದ ಟಿಪ್ಪಣಿ ಮತ್ತು ಕೆಟ್ಟುಹೋದ ಒಂದೆರಡು ತುಂಡುಗಳನ್ನೂ ಇಡುವುದು ಕಡ್ಡಾಯವಾಗಲಿ. ಕೊಂಡು ತಂದ ಮಾದರಿಗೆ ಕೆಟ್ಟ ತುಂಡುಗಳು ಇರುವುದಿಲ್ಲ. ತೀರ್ಪುಗಾರರು ಸ್ಕೇಲು ಹಿಡಿದು ರೆಕ್ಕೆಯನ್ನೂ ಒಡಲನ್ನೂ ಅಳೆಯಲಿ, ಒಂದು ಭಾಗವನ್ನು ತೋರಿಸಿ ಇದು ಹೀಗೇಕಿದೆ ಎಂದು ಮಗುವನ್ನು ಕೇಳಲಿ. ತೀರ್ಪುಗಾರರಲ್ಲಿ ಒಬ್ಬರು ಗಣಿತ ಶಿಕ್ಷಕರೋ ಚಿತ್ರಕಲಾ ಶಿಕ್ಷಕರೋ ಆಗಿದ್ದರೆ ಇನ್ನೂ ಒಳ್ಳೆಯದು. ನಮ್ಮೂರಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ; ಯುಬಿಡಿಟಿ ಕಾಲೇಜಿನದು 1951ರಿಂದ ಬಂದ ಪರಂಪರೆ. ಅಲ್ಲಿಯ ಡ್ರಾಯಿಂಗ್ ವಿಭಾಗಗಳವರು ಒಂದು ದಿನ ಬಿಡುವು ಮಾಡಿಕೊಂಡು ಬಂದರೆ ಮಕ್ಕಳ ಪುಣ್ಯ.

ಮುದ್ರಣಾಲಯಗಳವರಾದ ನಮ್ಮ ಪಾಲಿನದೂ ಒಂದು ಕೆಲಸವಿದೆ. ಮದುವೆಯ ಹಂಗಾಮಿನಲ್ಲಿ 250, 300 ಜಿಎಸ್‌ಎಂ ಕಾರ್ಡಿನ ತುಂಡುಗಳು ನಮ್ಮಲ್ಲಿ ಮೂಟೆಗಟ್ಟಲೆ ಬೀಳುತ್ತವೆ, ಅವುಗಳಲ್ಲಿ ಎ4 ಅಳತೆಯವೂ ಸಾಕಷ್ಟಿರುತ್ತವೆ. ಗ್ರೇನಿನ ದಿಕ್ಕನ್ನು ಪೆನ್ಸಿಲ್‌ನಿಂದ ಗುರುತು ಮಾಡಿ ಕಟ್ಟಿಟ್ಟು, ಕೇಳಿ ಬಂದ ಶಾಲೆಗಳಿಗೆ ಉಚಿತವಾಗಿ ಕೊಡಲು ನಾನು ಸಿದ್ಧನಿದ್ದೇನೆ. ನನ್ನ ವೃತ್ತಿಬಾಂಧವರೂ ಹಿಂದೆಗೆಯಲಾರರೆಂಬ ಭರವಸೆ ನನಗಿದೆ. ಇಲಾಖೆಯ ಸುತ್ತೋಲೆ ಮಾತ್ರ ಪ್ರದರ್ಶನಕ್ಕೆ ಹದಿನೈದು ದಿನವಿರುವಾಗ ಬರುವ ಬದಲು ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಹೊತ್ತಿಗೇ ಬರಬೇಕು. ಇಂಥ ಮಾದರಿಯೊಂದು ಕಟ್ಟಿ ಮುಗಿಯಲು ತಿಂಗಳುಗಳೇ ಬೇಕು, ಅದರಲ್ಲೂ ಮಳೆಗಾಲದಲ್ಲಿ ಅಂಟು ಒಣಗುವುದು ನಿಧಾನ.

ಇಂತಿ ತಮ್ಮ ವಿಶ್ವಾಸಿ,
ಮುದ್ರಣಾಲಯದ ಓದುಗ
ದಾವಣಗೆರೆ